ಒಗೆಯಲು ಹಾಕಿದ ಏಪ್ರನ್

"ಸಾರ್, ಮೇಡಂ ತೀರಿಕೊಂಡ್ರಲ್ಲ, ಅವರ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದ್ಕೊಡಿ, ನೋಟಿಸ್ ಬೋರ್ಡಿಗೆ ಹಾಕೋಣ" ಎಂದು ನಮ್ಮ ಅಪಾರ್ಟ್‌ಮೆಂಟಿನ ಅಧ್ಯಕ್ಷರು ಕೇಳಿದರು. ಬರೆದುಕೊಟ್ಟೆ. ಸರಳ ಜೀವಿ, ಮೃದುಭಾಷಿ, ಎಲ್ಲರಿಗೂ ಬೇಕಾದವರು, ಪರಿಸರಪ್ರೇಮಿ. ಮೊದಲ ಮೂರು ಅಪ್ಪಟ ಸುಳ್ಳು. ನಾಲ್ಕನೆಯದನ್ನು ಅಧ್ಯಕ್ಷರೇ ಹೇಳಿ ಬರೆಸಿದರು. ಅದು ನಿಜವೇ, ಆದರೆ ಆ ಮಾತು ಆ ಬಾಯಿಂದ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಉರಿಯಿತು ಎಂಬುದು ನೋಟಿಸ್ ಬೋರ್ಡಿಗೆ ಹಿಡಿಸುವ ವಿಷಯವಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ನಾವೆಲ್ಲ ಮೇಡಂ ಎಂದೇ ಕರೆಯುತ್ತಿದ್ದೆವು, ಅಷ್ಟು ಸಾಕು.

ಮೇಡಂ ಧಾರವಾಡದ ಕಡೆಯವರು. ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮೂವತ್ತು ವರ್ಷ ಗೃಹವಿಜ್ಞಾನ ಹೇಳಿಕೊಟ್ಟವರು. ಅದರಲ್ಲೂ ಬಟ್ಟೆಯ ಪಾಠ: ಯಾವ ನೂಲು, ಯಾವ ಬಣ್ಣ, ಯಾವ ಕಲೆಗೆ ಯಾವ ಮದ್ದು. ಗಂಡ ತೀರಿಕೊಂಡ ಮೇಲೆ ಪುಟ್ಟೇನಹಳ್ಳಿಯ ನಮ್ಮ ಕಟ್ಟಡದ ಎರಡನೇ ಮಹಡಿಗೆ ಬಂದರು. ಮಗಳು ಯಶವಂತಪುರದಲ್ಲಿದ್ದಳು. "ಅಕಿ ಮನ್ಯಾಗ ಇದ್ರ ನಾನೂ ಕೆಡ್ತೀನಿ, ಅಕಿನೂ ಕೆಡ್ತಾಳ" ಎಂದು ಬೇರೆಯೇ ಇದ್ದರು.

ಕೆಲವರು ಎದುರಿಗೆ ಸಿಕ್ಕವರ ಮುಖ ನೋಡಿ ಮಾತಾಡುತ್ತಾರೆ. ಮೇಡಂ ಅಂಗಿ ನೋಡಿ ಮಾತಾಡುತ್ತಿದ್ದರು. ಅವರು ಬಂದ ಹೊಸತರಲ್ಲಿ ಒಂದು ಸಂಜೆ ನಾನೂ ನನ್ನ ಹೆಂಡತಿ ಸರೋಜಳೂ ಲಿಫ್ಟಿನಲ್ಲಿದ್ದೆವು. ನನಗೆ ಆಗ ಡಾಕ್ಟರು ಕರಿದದ್ದೆಲ್ಲ ಬಂದ್ ಮಾಡಿದ್ದರು. ಮೇಡಂ ಒಳಗೆ ಬಂದವರೇ ನನ್ನ ಹೊಟ್ಟೆಯ ಮೇಲೆ ಕಣ್ಣು ಹಾಯಿಸಿ, "ಏನ್ರಿ, ಬಜ್ಜಿ ಚೊಲೊ ಇತ್ತೇನು?" ಎಂದರು.

"ಇಲ್ಲ ಮೇಡಂ, ವಾಕಿಂಗ್ ಹೋಗಿದ್ದೆ."

"ಹೋಗೀರಿ, ಖರೇ. ಬಜ್ಜಿ ಅಂಗಡಿ ತನಕ ಹೋಗೀರಿ. ಎಣ್ಣಿ ಕಲಿ ಮ್ಯಾಲ ಕಡ್ಲಿಹಿಟ್ಟು ಇನ್ನಾ ಹಸಿ ಐತಿ."

ಆ ರಾತ್ರಿ ನನಗೆ ಸಿಕ್ಕಿದ್ದು ಬರೀ ಮಜ್ಜಿಗೆ. ಆಮೇಲೆ ತಿಂಗಳುಗಟ್ಟಲೆ ನಾನು ಬಜ್ಜಿ ತಿನ್ನುವಾಗ ಕರ್ಚೀಫನ್ನು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದೆ. ಅಂಗಡಿಯವನು, "ಏನ್ ಸಾರ್, ಮಗು ತರ" ಎಂದು ನಗುತ್ತಿದ್ದ. ನಗಲಿ ಬಿಡಿ, ಅವನ ಕಟ್ಟಡದಲ್ಲಿ ಮೇಡಂ ಇರಲಿಲ್ಲ.

ಇಂಥವರ ತಲೆಗೆ ಏಪ್ರನ್ ಹೊಕ್ಕಿದ್ದು ಆಶ್ಚರ್ಯವೇನಲ್ಲ. ಒಂದು ದಿನ ಎಲ್ಲಿಂದಲೋ ಒಣಹುಲ್ಲಿನ ಬಣ್ಣದ ಲಿನನ್ ಬಟ್ಟೆಯ ದೊಡ್ಡ ಸುರುಳಿ ತರಿಸಿದರು. ಕೆರೆಯ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಶಾಹೀನಾಳಿಂದ ಹನ್ನೆರಡು ಏಪ್ರನ್ ಹೊಲಿಸಿದರು. ಕಟ್ಟಡದಲ್ಲಿರುವುದು ಹನ್ನೆರಡು ಮನೆ, ಅವರದೂ ಸೇರಿ. ಕೊರಳಿಗೆ ಗಂಟಿಲ್ಲ, ಬೆನ್ನ ಮೇಲೆ ಅಡ್ಡಡ್ಡ ಪಟ್ಟಿ, ತಲೆಯಿಂದ ಇಳಿಬಿಟ್ಟರೆ ಮುಗಿಯಿತು. ಮುಂದೆ ಎರಡು ದೊಡ್ಡ ಜೇಬು, ಒಂದು ಸೌಟಿಗೆ, ಒಂದು ಕಳೆ ಕೀಳುವ ಕುರ್ಪಿಗೆ. ಅಡಿಗೆಮನೆಗೂ ಅದೇ, ಗಿಡದ ಕೆಲಸಕ್ಕೂ ಅದೇ. ಶಾಹೀನಾ ಮಾತ್ರ ಪೂರ್ತಿ ಒಪ್ಪಿರಲಿಲ್ಲ. "ಎಷ್ಟ್ ಇಸ್ತ್ರಿ ಮಾಡಿದ್ರೂ ಸುಕ್ಕು ಹೋಗಲ್ಲ ಮೇಡಂ ಇದು. ಕೂತ್ರೆ ಸುಕ್ಕು, ಎದ್ರೆ ಸುಕ್ಕು" ಎಂದಳು.

"ಬೀಳ್ಲಿ ಬಿಡವಾ. ನನ್ನ ಮಾರಿಗೆ ಬಿದ್ದಿಲ್ಲೇನು?"

ಮನೆಮನೆಗೂ ತಾವೇ ಬಂದು ಕೊಟ್ಟರು. ನಮ್ಮ ಮನೆಯಲ್ಲಿ ಕುಳಿತು ಅರ್ಧ ಗಂಟೆ ಪಾಠ ಮಾಡಿದರು. "ಅಗಸಿ ಚಟ್ನಿ ತಿಂದೀರೇನು? ಆ ಅಗಸಿ ಗಿಡದ ದಂಟಿನ ನಾರಿಂದನ ಈ ಅರಿವಿ. ಬೀಜ ತಿನ್ನೂದು, ದಂಟು ಉಡೂದು. ನೀರು ಕಡಿಮಿ ಸಾಕು, ಔಷಧ ಬ್ಯಾಡ. ವರ್ಷಾನುಗಟ್ಟಲೆ ಬಾಳ್ತೈತಿ. ಇದಕ್ಕ ಸಸ್ಟೇನಬಲ್ ಅಂತಾರ."

ಆ ಇಂಗ್ಲಿಷ್ ಪದ ಕೇಳಿ ನನಗೆ ನಗು ಬಂತು. ನಮ್ಮಮ್ಮನ ಸೀರೆ ಮೊದಲು ಮದುವೆ ಮನೆಗೆ, ಆಮೇಲೆ ಸಂತೆಗೆ, ಆಮೇಲೆ ಮಗುವಿನ ಜೋಳಿಗೆಗೆ, ಕಡೆಗೆ ಒಲೆಯ ಪಕ್ಕದ ಮಸಿಬಟ್ಟೆಗೆ. ಪಾಪ, ಆಕೆಗೆ ಯಾರೂ ಇಂಗ್ಲಿಷ್‌ನಲ್ಲಿ ಅದರ ಹೆಸರು ಹೇಳಿರಲಿಲ್ಲ. ಇದನ್ನೇ ಮೇಡಂಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನಿಮ್ಮವ್ವ ಬಳಸ್ತಿದ್ದಳು. ನೀವು ಬಳಸ್ತೀರೇನು? ಒಂದ ಷರತ್ತು: ಇದು ಹೊಲಸಾಗಬೇಕು. ಸ್ವಚ್ಛ ಇಟ್ಟವರಿಗೆ ಮರ್ಯಾದಿ ಇಲ್ಲ" ಎಂದು ಎದ್ದು ಹೋದರು.

ಹೊಲಸಾಗಬೇಕಂತೆ! ನಾವು ಎಂಥ ಜನ ಎಂದು ಮೇಡಂಗೆ ಗೊತ್ತಿರಲಿಲ್ಲವೇ? ಟಿವಿಯ ರಿಮೋಟಿಗೆ ಪ್ಲಾಸ್ಟಿಕ್ ಹಾಕಿಡುವವರು ನಾವು. ಹೊಸ ಸೋಫಾದ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ, ನೆಂಟರು ಬಂದಾಗ ಓಡಿಹೋಗಿ ತೆಗೆಯುವವರು. ಸರೋಜ ಏಪ್ರನ್ನನ್ನು ಮುಟ್ಟಿ ನೋಡಿ, "ಎಷ್ಟು ಚೆನ್ನಾಗಿದೆ, ಇದನ್ನ ಹಾಕ್ಕೊಂಡು ಕೆಲಸ ಮಾಡೋದಾ? ಕೊಳೆ ಆಗಲ್ವಾ?" ಎಂದು ನಾಲ್ಕು ನುಸಿಗುಳಿಗೆಯ ಜೊತೆ ಬೀರುವಿಗೆ ಸೇರಿಸಿದಳು, ರೇಷ್ಮೆ ಸೀರೆಗಳ ಪಕ್ಕಕ್ಕೆ. ಮೂರನೇ ಮಹಡಿಯವರು ನೆಂಟರಿಗೆ ಕಾಣುವ ಹಾಗೆ ಅಡಿಗೆಮನೆಯ ಬಾಗಿಲಿಗೆ ತೂಗುಹಾಕಿದರು. ಎದುರು ಮನೆಯಾಕೆ ಅದನ್ನು ತೊಟ್ಟು ತುಳಸಿಗೆ ನೀರು ಹಾಕುತ್ತಿರುವ ಫೋಟೋ ತೆಗೆಸಿಕೊಂಡು ಎಲ್ಲ ಗ್ರೂಪಿಗೂ ಕಳಿಸಿ, ಮಡಿಸಿಟ್ಟರು. ಕೆಳಮನೆಯ ಅಜ್ಜಿಯೊಬ್ಬರೇ ದಿನಾ ಹಾಕಿಕೊಳ್ಳುತ್ತಿದ್ದದ್ದು. ಆದರೆ ಕೊಳೆಯಾಗದಿರಲಿ ಎಂದು ಅದರ ಮೇಲೊಂದು ಹಳೆಯ ನೈಟಿ ಹಾಕಿಕೊಳ್ಳುತ್ತಿದ್ದರು. ಏಪ್ರನ್ನಿಗೇ ಏಪ್ರನ್. ನನ್ನಾಣೆ ನಿಜ, ನಾನೇ ಕಣ್ಣಾರೆ ಕಂಡೆ.

ಮೇಡಂ ಮಾತ್ರ ದಿನಾ ಬೆಳಿಗ್ಗೆ ಹಿತ್ತಿಲಿಗೆ ಇಳಿಯುತ್ತಿದ್ದರು. ಸಂಪಿನಿಂದ ಕಾಂಪೌಂಡ್ ಗೋಡೆಯವರೆಗೆ ಕಟ್ಟಡದ ಹಿಂದೆ ಒಂದಿಷ್ಟು ಜಾಗ ಬಿದ್ದಿತ್ತು. ಬಿಲ್ಡರ್ ಬಿಟ್ಟುಹೋದ ಇಟ್ಟಿಗೆ ಚೂರು, ಸಿಮೆಂಟ್ ಗಡ್ಡೆಯ ಗುಡ್ಡೆ. ಮೇಡಂ ಎರಡು ತಿಂಗಳು ಒಬ್ಬರೇ ಅದನ್ನು ಆರಿಸಿ ಹೊರಗೆ ಹಾಕಿದರು. ಬದನೆ ಬಂತು, ಬಸಳೆ ಬಂತು, ಅವರ ಊರಿನ ಹುಳಿಸೊಪ್ಪು ಪುಂಡಿಪಲ್ಯ ಬಂತು. ಒಂದು ಮೂಲೆಯಲ್ಲಿ ಅಗಸೆ ಬಿತ್ತಿದರು. ಅದು ಹೂ ಬಿಟ್ಟಾಗ ನೋಡಬೇಕಿತ್ತು. ತೆಳು ನೀಲಿ, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆಲ್ಲ ಉದುರುವ ಹೂವು. ಹತ್ತಿರದ ಏರ್‌ಫೋರ್ಸ್ ನೆಲೆಯ ವಿಮಾನಗಳು ಕಿವಿ ಹರಿಯುವ ಹಾಗೆ ಹೋಗುತ್ತಿದ್ದರೂ ನಾನು ಬಾಲ್ಕನಿಯಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ. ನೋಡುತ್ತಿದ್ದೆ ಅಷ್ಟೇ. ಕೆಳಗಿಳಿದು ಒಂದು ಕಳೆ ಕಿತ್ತವನಲ್ಲ.

ಒಂದು ವಿಚಿತ್ರವನ್ನು ಮಾತ್ರ ಗಮನಿಸಿದ್ದೆ. ತೋಟಕ್ಕಿಳಿಯುವಾಗ ಮೇಡಂ ಸೀರೆಯ ಮೇಲೆ ತೊಡುತ್ತಿದ್ದದ್ದು ಗಂಡನ ಹಳೆಯ ಫುಲ್ ಶರ್ಟು, ಅದೂ ಹಿಂದುಮುಂದಾಗಿ, ಗುಂಡಿ ಬೆನ್ನಿಗೆ. ಅದರ ಮೂಲ ಬಣ್ಣ ಯಾವುದೆಂದು ದೇವರಿಗೇ ಗೊತ್ತು. "ಯಾಕ್ ಮೇಡಂ, ನಿಮ್ಮ ಏಪ್ರನ್ ಎಲ್ಲಿ?" ಎಂದು ಮೇಲಿನಿಂದಲೇ ಕೂಗಿ ಕೇಳಿದ್ದೆ.

"ಒಗಿಯಾಕ ಹಾಕೀನ್ರಿ."

ಇನ್ನೊಮ್ಮೆ ಕೇಳಿದಾಗಲೂ ಒಗೆಯಲು ಹಾಕಿದ್ದರು. ಲಿನನ್ ಒಣಗಲು ತಡವಾಗುತ್ತದೇನೋ ಎಂದುಕೊಂಡೆ.

ಕಾರುಗಳು ಹೆಚ್ಚಾದವು. ನಮ್ಮ ಅಧ್ಯಕ್ಷರಿಗೇ ಎರಡಾದವು. ಹಿತ್ತಿಲಿಗೆ ಟೈಲ್ಸ್ ಹಾಕಿಸಿದರೆ ನಾಲ್ಕು ಕಾರು ನಿಲ್ಲುತ್ತದೆ ಎಂದು ಅವರು ಲೆಕ್ಕ ಹಾಕಿದರು. ಮೇಡಂ ಒಪ್ಪಲಿಲ್ಲ. "ಅದು ಎಲ್ಲಾರ ತೋಟ" ಎಂದರು. ಅಧ್ಯಕ್ಷರು ಬಹಳ ವಿನಯದ ಮನುಷ್ಯ, ಕತ್ತು ಕೊಯ್ಯುವಾಗಲೂ ಕೈ ಮುಗಿಯುತ್ತಾರೆ. "ಎಲ್ಲರದೂ ಅಂತೀರಿ ಮೇಡಂ, ಕೆಲಸ ಮಾಡೋದು ನೀವೊಬ್ರೇ. ಅರ್ಧದಷ್ಟು ಮನೆಯೋರು ಮಾಡ್ತಿದಾರೆ ಅಂತ ತೋರಿಸಿ, ನಾನೇ ಬಿಟ್ಬಿಡ್ತೀನಿ" ಎಂದರು.

"ತೋರಸ್ತೀನಿ. ಭಾನುವಾರ ಮೀಟಿಂಗಿಗೆ ಎಲ್ಲಾರೂ ಏಪ್ರನ್ ತರ್ರಿ. ಅರಿವಿ ಸುಳ್ಳು ಹೇಳೂದಿಲ್ಲ."

"ನೋಡಿ ಹೇಳೋರು ಯಾರು?"

"ನಾನು."

"ಆಯ್ತು ಮೇಡಂ. ನೀವೇ ಜಡ್ಜ್. ನಿಮ್ಮ ಮಾತೇ ಕೊನೆ" ಎಂದು ಅಧ್ಯಕ್ಷರು ಎಲ್ಲರೆದುರೇ ಒಪ್ಪಿಬಿಟ್ಟರು. ಆಗ ನನಗೆ ಜೀವ ಬಂತು. ಆರು ಏಪ್ರನ್ ಸಾಕು. ಜಡ್ಜೇ ನಮ್ಮ ಕಡೆ. ತೋಟ ಉಳಿಯಿತು ಎಂದುಕೊಂಡೆ.

ಶನಿವಾರ ನಮ್ಮ ಕಟ್ಟಡದಲ್ಲಿ ನಡೆದದ್ದು ಯಾವ ಕಾರ್ಖಾನೆಯಲ್ಲೂ ನಡೆದಿರಲಾರದು. ನಾನೂ ಕಾರ್ಖಾನೆಯ ಸ್ಟೋರ್ಸಿನಲ್ಲಿ ಬದುಕು ಸವೆಸಿದವನೇ, ಅದಕ್ಕೇ ಹೇಳುತ್ತಿದ್ದೇನೆ. ಮನೆಮನೆಯಲ್ಲೂ ಕೊಳೆಯ ಉತ್ಪಾದನೆ. ನಾನೇ ಮನೆಮನೆಗೆ ಹೋಗಿ ಜನರನ್ನು ಹುರಿದುಂಬಿಸಿದೆ. ಎದುರು ಮನೆಯಾಕೆ ಅರಿಶಿನ ಕಲಸಿ ಬ್ರಷ್ಷಿನಲ್ಲಿ ಹಚ್ಚಿದರು, ಸಾಲಾಗಿ, ರಂಗೋಲಿಯ ಹಾಗೆ. ಮೂರನೇ ಮಹಡಿಯವರು ಕುಂಡದ ಮಣ್ಣು ಜರಡಿ ಹಿಡಿದು, ಕಲ್ಲು ತೆಗೆದು, ನೀಟಾಗಿ ಸವರಿದರು. ಕೆಳಮನೆಯ ಅಜ್ಜಿ ಕಷ್ಟಪಟ್ಟು ಬೀಟ್‌ರೂಟ್ ರಸ ಮಾಡಿ ಚೆಲ್ಲಿದರು. ಆಮೇಲೆ ಅಭ್ಯಾಸಬಲದಿಂದ ನೆನೆಸಿ, ಒಗೆದು, ನೀಲಿ ಹಾಕಿ ಒಣಗಿಸಿಬಿಟ್ಟರು. ಸರೋಜಳಂತೂ ಕಣ್ಣು ಮುಚ್ಚಿಕೊಂಡು, "ರೀ, ನನ್ ಕೈಲಿ ನೋಡಕ್ಕಾಗಲ್ಲ, ನೀವೇ ಹಾಕಿ" ಎಂದಳು. ಗಟ್ಟಿ ಚಹಾ ಡಿಕಾಕ್ಷನ್ ಕಾಯಿಸಿ ನಾನೇ ಸುರಿದೆ. ಎದೆಯ ಮೇಲೆ, ಧಾರಾಳವಾಗಿ.

ಭಾನುವಾರ ಟೆರೇಸಿನ ಮೇಲೆ ಶಾಮಿಯಾನದ ಕೆಳಗೆ ಮೀಟಿಂಗು. ಮೇಡಂ ಕನ್ನಡಕ ಏರಿಸಿ ಮೇಜಿನ ಮುಂದೆ ಕುಳಿತರು. ಏಪ್ರನ್ನುಗಳು ಒಂದೊಂದಾಗಿ ಬಂದವು.

ಮೊದಲನೆಯದನ್ನು ಬೆಳಕಿಗೆ ಹಿಡಿದರು. "ಅರಿಶಿನ. ಬ್ರಷ್‌ಲೆ ಹಚ್ಚೀರಿ. ಕೂದಲ ಅಂಟೇತಿ ನೋಡ್ರಿ ಇಲ್ಲೆ." ಎರಡನೆಯದನ್ನು ಮೂಸಿದರು. "ಮಣ್ಣು ಖರೇ ಐತಿ, ಕೆಲಸ ಖರೇ ಅಲ್ಲ. ನೂಲಿನ ಒಳಗ ಇಳದೇ ಇಲ್ಲ." ಅಜ್ಜಿಯದನ್ನು ಬಿಡಿಸಿದಾಗ ಕಣ್ಣು ಕುಕ್ಕುವಷ್ಟು ಶುಭ್ರ. ಮೇಡಂ ಅದನ್ನು ಮೆಲ್ಲಗೆ ಮಡಿಸಿ ಅಜ್ಜಿಯ ಕೈಗೇ ಕೊಟ್ಟರು.

ನನ್ನದು ಬಂತು. ನಾನು ಮೇಡಂ ಕಡೆ ನೋಡಿ ಕಣ್ಣು ಮಿಟುಕಿಸಿದೆ, ಕೆಮ್ಮಿದೆ, ಕಾಲಿನಿಂದ ಮೇಜನ್ನು ತಟ್ಟಿದೆ. ಇನ್ನೇನು ಮಾಡಲಿ? ಮೇಡಂ ಏಪ್ರನ್ನಿನ ಮೇಲಿನಿಂದ ನನ್ನನ್ನು ನೋಡಿದರು. ಒಂದು ಗಳಿಗೆ ಅವರಿಗೂ ಆಸೆಯಾಯಿತು, ನನಗೆ ಗೊತ್ತು. ಅವರ ಬೆರಳು ಆ ಕಲೆಯ ಮೇಲೆಯೇ ನಿಂತಿತ್ತು.

"ಚಹಾ" ಎಂದರು. "ಗಿಡದ ಕೆಲಸಾ ಮಾಡಿದವರ ಕಲಿ ಮೊಣಕಾಲಿನ ಕಡೆ ಇರ್ತೈತ್ರಿ. ಮಣ್ಣಾಗ ಊರೂದು ಮೊಣಕಾಲು, ಎದಿ ಅಲ್ಲ."

ಹನ್ನೊಂದು ಮನೆಯಲ್ಲಿ ನಿಜವಾದ ಕಲೆ ಸಿಕ್ಕಿದ್ದು ಒಂದೇ ಏಪ್ರನ್ನಿನಲ್ಲಿ. ಅದು ಅಧ್ಯಕ್ಷರದು. "ಇದನ್ನ ಖರೇನ ಬಳಸ್ಯಾರ. ಆದ್ರ ಇದು ಗ್ರೀಸು. ಕಾರ್ ಒರಿಸ್ಯಾರ" ಎಂದರು ಮೇಡಂ. ಜನ ಹೋ ಎಂದು ನಕ್ಕರು, ಅಧ್ಯಕ್ಷರೂ ನಕ್ಕರು. ನಗು ನಿಂತ ಮೇಲೆ ಅವರು ಕೈ ಮುಗಿದು, "ಹಾಗಾದ್ರೆ ಮೇಡಂ, ತೋಟದಲ್ಲಿ ಕೆಲಸ ಮಾಡಿದ ಮನೆ ಎಷ್ಟು ಅಂತ ಬರ್ಕೊಳ್ಲಿ?" ಎಂದು ಕೇಳಿದರು.

"ಒಂದೂ ಇಲ್ಲ ಅಂತ ಬರಕೋರಿ."

"ನಿಮ್ಮ ಏಪ್ರನ್ನು?"

"ಒಗಿಯಾಕ ಹಾಕೀನಿ" ಎಂದು ಮೇಡಂ ಕನ್ನಡಕ ಇಳಿಸಿದರು.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಮೆಟ್ಟಿಲಿನಲ್ಲೇ ಅಡ್ಡಗಟ್ಟಿದೆ. "ಏನ್ ಮೇಡಂ ನೀವು! ನಿಮಗೋಸ್ಕರ ತಾನೇ ನಾವು ಇಷ್ಟೆಲ್ಲ ಮಾಡಿದ್ದು? ಆರು ಸಲ ಹೂಂ ಅಂದಿದ್ರೆ ತೋಟ ಉಳೀತಿತ್ತು. ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ!"

ಅವರು ಮೆಟ್ಟಿಲಿನ ಕಂಬಿ ಹಿಡಿದು ನಿಂತರು. ಮುಖ ಬಾಡಿತ್ತು. "ಮೂವತ್ತು ವರ್ಷ ಹುಡುಗ್ಯಾರ ಪ್ರಾಕ್ಟಿಕಲ್ ನೋಟ್‌ಬುಕ್ ನೋಡೀನ್ರಿ. ಕಾಪಿ ಹೊಡದವರಿಗೆ ಒಂದ ಮಾರ್ಕ್ ಹಾಕಿಲ್ಲ. ಅತ್ತಾವರಿಗೂ ಹಾಕಿಲ್ಲ. ಈಗ ನಾಕ ಬದನಿಗಿಡಕ್ಕ ಹಾಕ್ಲೇನು?" ಎಂದರು. ಆಮೇಲೆ, "ನೀವು ಒಬ್ಬರರ ಮಣ್ಣ ಮುಟ್ಟಿರತೀರಿ ಅಂದಕೊಂಡಿದ್ದೆ" ಎಂದು ತಮ್ಮ ಮನೆಗೆ ಇಳಿದು ಹೋದರು. ಆ ಮಾತು ನನಗೆ ನಾಟಿತು. ನಾಚಿಕೆಯಾಯಿತು ಎಂದು ಬಾಯಿಬಿಟ್ಟು ಹೇಳುವ ಬದಲು ನಾನು ಒಂದು ವಾರ ಅವರೊಂದಿಗೆ ಮಾತು ಬಿಟ್ಟೆ. ದೊಡ್ಡ ಮನುಷ್ಯ ನೋಡಿ.

ಅಗಸೆ ಮಾಗುವವರೆಗೆ ತಡೆಯಿರಿ ಎಂದು ಮೇಡಂ ಕೇಳಿಕೊಂಡರು. ಅಧ್ಯಕ್ಷರು ತಡೆದರು, ಆ ಮಟ್ಟಿಗೆ ಸುಳ್ಳು ಹೇಳಬಾರದು. ಬೀಜ ಬಡಿದು ಮೇಡಂ ಪ್ರತಿ ಮನೆಗೂ ಒಂದು ಬಾಟಲಿ ಅಗಸಿ ಚಟ್ನಿ, ಒಂದು ಪೊಟ್ಟಣ ಬಿತ್ತನೆಯ ಬೀಜ ಕೊಟ್ಟರು. ಚಟ್ನಿ ನಾಲ್ಕು ದಿನಕ್ಕೆ ಮುಗಿಯಿತು. ಬೀಜವನ್ನು ಸರೋಜ, "ಒಳ್ಳೆ ದಿನ ನೋಡಿ ಹಾಕೋಣ" ಎಂದು ಫ್ರಿಜ್ಜಿನ ಬಾಗಿಲಲ್ಲಿಟ್ಟಳು. ಮರುವಾರ ಹಿತ್ತಿಲಿಗೆ ಟೈಲ್ಸ್ ಬಿತ್ತು. ಅಧ್ಯಕ್ಷರು ಅದಕ್ಕೆ ಗ್ರೀನ್ ಪಾರ್ಕಿಂಗ್ ಎಂದು ಬೋರ್ಡ್ ಹಾಕಿಸಿದರು. ಟೈಲ್ಸಿನ ಬಣ್ಣ ಹಸಿರು.

ಆಮೇಲೆ ಎರಡು ವರ್ಷ ಮೇಡಂ ಬಾಲ್ಕನಿಯ ಕುಂಡಗಳಲ್ಲೇ ಪುಂಡಿಪಲ್ಯ ಬೆಳೆದರು. ಲಿಫ್ಟಿನಲ್ಲಿ ಸಿಕ್ಕಾಗ ನನ್ನ ಅಂಗಿ ನೋಡುವುದನ್ನು ನಿಲ್ಲಿಸಲಿಲ್ಲ, ಬಜ್ಜಿಯ ವಿಷಯ ಸರೋಜಳಿಗೆ ಹೇಳುವುದನ್ನೂ ನಿಲ್ಲಿಸಲಿಲ್ಲ. ತೋಟದ ಮಾತು ಮಾತ್ರ ಎತ್ತಲಿಲ್ಲ. ದೀಪಾವಳಿ ಕಳೆದ ವಾರದಲ್ಲಿ ಒಂದು ಬೆಳಿಗ್ಗೆ ಹೋಗಿಬಿಟ್ಟರು, ಹೆಚ್ಚು ನರಳದೆ.

ಕಾರ್ಯವೆಲ್ಲ ಮುಗಿದ ಮೇಲೆ ಮಗಳು ಮನೆ ಖಾಲಿ ಮಾಡುತ್ತ ನಮ್ಮ ಬಾಗಿಲಿಗೆ ಬಂದಳು. "ಅಂಕಲ್, ಅವ್ವನ ನೆನಪಿಗೆ ಇದನ್ನ ಇಟ್ಕೋರಿ. ಬೀರುವಿನಾಗ ಸಿಕ್ತು" ಎಂದು ಒಂದು ಕವರ್ ಕೊಟ್ಟಳು.

ಸರೋಜ ಬಿಡಿಸಿದಳು. ಲಿನನ್ ಏಪ್ರನ್. ಶಾಹೀನಾ ಹೊಲಿದು ಮಡಿಸಿಕೊಟ್ಟ ಮೊದಲ ಮಡಿಕೆ ಹಾಗೆಯೇ ಇತ್ತು. ಒಂದು ಸುಕ್ಕಿಲ್ಲ, ಒಂದು ಚುಕ್ಕೆಯಿಲ್ಲ. ಜೇಬಿನಿಂದ ಎರಡು ನುಸಿಗುಳಿಗೆ ಉರುಳಿ ಕೆಳಗೆ ಬಿದ್ದವು.

ನಾವಿಬ್ಬರೂ ಅದನ್ನೇ ನೋಡುತ್ತ ಕುಳಿತೆವು. ಮೊದಲು ನಕ್ಕವಳು ಸರೋಜ. "ಅಯ್ಯೋ, ಇವರೂ ನಮ್ಮ ಹಾಗೇನಾ!" ಎಂದಳು. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಡೀ ಕಟ್ಟಡದ ಸುಳ್ಳು ಹಿಡಿದ ಹೆಂಗಸು ದಿನಾ ಒಂದು ಸುಳ್ಳು ಹೇಳುತ್ತಿದ್ದರು, ಒಗಿಯಾಕ ಹಾಕೀನಿ ಎಂದು. ಒಳ್ಳೆಯ ಬಟ್ಟೆಯನ್ನು ಕೊಳೆ ಮಾಡಲು ಅವರಿಗೂ ಮನಸ್ಸು ಬರಲಿಲ್ಲ. ನಮಗೂ ಅವರಿಗೂ ಒಂದೇ ವ್ಯತ್ಯಾಸ. ಅವರು ಏಪ್ರನ್ನನ್ನು ಬೀರುವಿನಲ್ಲಿಟ್ಟು ಕೆಲಸ ಮಾಡಿದರು, ನಾವು ಏಪ್ರನ್ನಿನ ಜೊತೆಗೆ ಕೆಲಸವನ್ನೂ ಬೀರುವಿನಲ್ಲಿಟ್ಟೆವು. ನಗುತ್ತ ನಗುತ್ತ ನನ್ನ ಕಣ್ಣಲ್ಲಿ ನೀರು ಬಂದು, ಅಳುವೇ ಬಂದುಬಿಟ್ಟಿತು. ಇದ್ದಾಗ ಒಂದು ಮಾತು, ತಪ್ಪಾಯ್ತು ಮೇಡಂ ಎಂದು ಹೇಳಲಿಲ್ಲವಲ್ಲ ನಾನು.

ಎದ್ದು ಫ್ರಿಜ್ಜಿನ ಬಾಗಿಲು ತೆಗೆದೆ. ಬೀಜದ ಪೊಟ್ಟಣ ಅಲ್ಲೇ ಇತ್ತು, ಒಳ್ಳೆಯ ದಿನ ಕಾಯುತ್ತ. ಮೇಡಂ ಅವರ ಏಪ್ರನ್ನನ್ನು ತಲೆಯಿಂದ ಇಳಿಬಿಟ್ಟುಕೊಂಡೆ. "ರೀ, ಹೊಸದು ಕಣ್ರೀ!" ಎಂದು ಸರೋಜ ಕೂಗಿದಳು. ಕೇಳಿಸಿಕೊಳ್ಳಲಿಲ್ಲ.

ಗೋಡೆಯ ಬುಡದಲ್ಲಿ, ಅಧ್ಯಕ್ಷರ ಎರಡನೇ ಕಾರಿನ ಚಕ್ರ ತಲುಪದ ಕಡೆ, ಸಲಾಕೆ ಹಾಕಿ ನಾಲ್ಕು ಟೈಲ್ಸ್ ಎಬ್ಬಿಸಿದೆ. ಬೆಂಗಳೂರಿನಲ್ಲಿ ಜನ ಕೆರೆಗೆ ಕೆರೆಯನ್ನೇ ಒತ್ತುವರಿ ಮಾಡುತ್ತಾರೆ, ನಾನು ಒಂದೂವರೆ ಅಡಿ ಮಾಡಿದೆ. ಕೆಳಗೆ ಮೇಡಂ ಹದ ಮಾಡಿದ ಮಣ್ಣು ಇನ್ನೂ ಕಪ್ಪಗೆ ಇತ್ತು. ನಿಂತು ಬಗ್ಗಿದರೆ ಸೊಂಟ ಹಿಡಿಯಿತು. ಬೇರೆ ದಾರಿಯಿಲ್ಲದೆ ಮಂಡಿಯೂರಿದೆ. ಮಣ್ಣು ಕೆದಕಿ, ಬೀಜ ಉದುರಿಸಿ, ಮುಚ್ಚಿ, ನೀರು ಚಿಮುಕಿಸಿದೆ.

ಅಧ್ಯಕ್ಷರು ಕಾರಿನ ಕೀ ತಿರುಗಿಸುತ್ತ ಬಂದವರು ನಿಂತೇಬಿಟ್ಟರು. "ಏನ್ ಸಾರ್ ಇದು? ಟೈಲ್ಸ್ ಯಾಕ್ ಕಿತ್ತಿದೀರಾ?"

"ನೋಟಿಸ್ ಬೋರ್ಡಿನಲ್ಲಿ ಪರಿಸರಪ್ರೇಮಿ ಅಂತ ಬರೆಸಿದ್ರಲ್ಲ, ಅದರ ಮುಂದಿನ ಭಾಗ" ಎಂದೆ. ಅವರು ನನ್ನ ಮೇಲಿದ್ದ ಏಪ್ರನ್ನನ್ನು ನೋಡಿ ಕಾರು ಹತ್ತಿದರು.

ಮೇಲೆ ಬಂದಾಗ ಸರೋಜ ಬಾಗಿಲಲ್ಲೇ ನಿಂತಿದ್ದಳು. ನೇರವಾಗಿ ನನ್ನ ಮೊಣಕಾಲಿನ ಕಡೆ ನೋಡಿದಳು. ಒಂದೊಂದು ಕಡೆ ಒಂದೊಂದು ಅಂಗೈ ಅಗಲದ ಮಣ್ಣು, ನೂಲಿನ ಒಳಗೆ ಇಳಿದದ್ದು. "ಕೊಡಿ ಇಲ್ಲಿ, ಈಗಲೇ ನೆನೆಸಿದ್ರೆ ಹೋಗುತ್ತೆ" ಎಂದು ಕಸಿದುಕೊಂಡು ಬಚ್ಚಲಿಗೆ ಹೋದಳು. ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ನಲ್ಲಿ ನಿಂತಿತು.

ಮದುವೆಯಾದಾಗಿನಿಂದ ಸರೋಜಳದು ಒಂದೇ ನಿಯಮ: ಹಳತು, ಹರಕು, ಕಲೆಯಾದದ್ದು ಮನೆಯ ಕಡೆಯ ಹಗ್ಗಕ್ಕೆ, ನಾಲ್ಕು ಜನಕ್ಕೆ ಕಾಣುವ ಕಡೆ ಒಳ್ಳೆಯ ಬಟ್ಟೆ ಮಾತ್ರ. ಅವಳು ಬಚ್ಚಲಿನಿಂದ ಆಚೆ ಬಂದಳು. ಏಪ್ರನ್ ನೆನೆದಿರಲಿಲ್ಲ. ಬಾಲ್ಕನಿಗೆ ಹೋಗಿ ರಸ್ತೆಯ ಕಡೆಯ ಹಗ್ಗಕ್ಕೆ ಅದನ್ನು ಹರವಿ, ಮಣ್ಣಿನ ಮಗ್ಗುಲು ಹೊರಗೆ ಬರುವಂತೆ ತಿರುಗಿಸಿ, ಎರಡು ಕ್ಲಿಪ್ ಹಾಕಿದಳು.